ಒಬ್ಬರಿಗೆ ಒಂದು ಬ್ಲೇಡು

ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಕುಣಿಗಲ್ ಎಂದರೆ ದೊಡ್ಡ ಕೆರೆ ನೆನಪಾಗುತ್ತದೆ. ತುಮಕೂರು ಎಂದರೆ ಸಿದ್ಧಗಂಗೆ ನೆನಪಾಗುತ್ತದೆ. ಒಂದೊಂದು ಊರಿಗೆ ಒಂದೊಂದು ಹೆಸರು. ಆದರೆ ಒಂದು ಅಂಗಡಿ ಮಾತ್ರ ಮೂರು ಊರಿನಲ್ಲೂ ಇದೆ. ಬಸ್ ನಿಲ್ದಾಣದ ಹತ್ತಿರ ಇದೆ. ಸಂತೆ ಬೀದಿಯಲ್ಲಿದೆ. ಹೆದ್ದಾರಿಯ ಪಕ್ಕದಲ್ಲಿದೆ. ಅದು ಕ್ಷೌರದ ಅಂಗಡಿ. ಕೆಲವರು ಕಟಿಂಗ್ ಶಾಪ್ ಅಂತಾರೆ. ಕೆಲವರು ಸೆಲೂನ್ ಅಂತಾರೆ.

ಅಲ್ಲಿಗೆ ಯಾರು ಬರುವುದಿಲ್ಲ ಹೇಳಿ? ರೈತ ಬರುತ್ತಾನೆ. ಮೇಷ್ಟ್ರು ಬರುತ್ತಾರೆ. ಲಾರಿ ಡ್ರೈವರ್ ಬರುತ್ತಾನೆ. ಮದುವೆ ಗಂಡು ಬರುತ್ತಾನೆ. ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ. ಹರಿತವಾದ ಕತ್ತಿ ಹಿಡಿದವರ ಮುಂದೆ ಕುತ್ತಿಗೆ ಚಾಚಿ ಕಣ್ಣು ಮುಚ್ಚುತ್ತಾರೆ. ಇಷ್ಟು ನಂಬಿಕೆ ನಮಗೆ ಇನ್ಯಾರ ಮೇಲಿದೆ?

ಈ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆ? ಅದೇ ಈ ಪಾಠ. ಇದು ಕ್ಷೌರದ ಕೆಲಸ ಮಾಡುವ ಅಣ್ಣ ತಮ್ಮಂದಿರಿಗೆ. ಪಾರ್ಲರ್ ನಡೆಸುವ ಅಕ್ಕ ತಂಗಿಯರಿಗೆ. ಅವರ ಹತ್ತಿರ ಹೋಗುವ ನಮ್ಮೆಲ್ಲರಿಗೂ ಹೌದು.

ಏಡ್ಸ್ ಎಂದರೆ ಏನು?

ಏಡ್ಸ್ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗೋಡೆ ಮೇಲೆ ಓದಿದ್ದೇವೆ. ಆದರೆ ಸರಿಯಾಗಿ ತಿಳಿದವರು ಕಡಿಮೆ.

ಎಚ್.ಐ.ವಿ. ಎಂಬುದು ಒಂದು ವೈರಸ್. ಅಂದರೆ ಕಣ್ಣಿಗೆ ಕಾಣದ ರೋಗಾಣು. ನಮ್ಮ ಮೈಯಲ್ಲಿ ರೋಗವನ್ನು ಎದುರಿಸುವ ಶಕ್ತಿ ಇದೆ. ಅದು ತೋಟಕ್ಕೆ ಬೇಲಿ ಇದ್ದ ಹಾಗೆ. ಈ ವೈರಸ್ ಬೇಲಿಯನ್ನೇ ಮೆಲ್ಲಮೆಲ್ಲಗೆ ಕಿತ್ತು ಹಾಕುತ್ತದೆ. ಬೇಲಿ ಹೋದರೆ ದನ ನುಗ್ಗುವುದಿಲ್ಲವೇ? ಹಾಗೆಯೇ ಕ್ಷಯ, ಭೇದಿ, ಜ್ವರ ಎಲ್ಲವೂ ಒಂದರ ಹಿಂದೆ ಒಂದು ನುಗ್ಗುತ್ತವೆ. ಆ ಸ್ಥಿತಿಗೆ ಏಡ್ಸ್ ಎಂದು ಹೆಸರು.

ಇಲ್ಲಿ ಒಂದು ಮಾತು ನೆನಪಿಡಬೇಕು. ವೈರಸ್ ಮೈಗೆ ಸೇರಿದ ಕೂಡಲೇ ಏಡ್ಸ್ ಬರುವುದಿಲ್ಲ. ಔಷಧಿ ಇಲ್ಲದಿದ್ದರೂ ಹಲವು ವರ್ಷ ಮನುಷ್ಯ ಗಟ್ಟಿಮುಟ್ಟಾಗಿ ಕಾಣಬಹುದು. ದುಡಿಯಬಹುದು, ನಗಬಹುದು. ಅವನಿಗೇ ಗೊತ್ತಿಲ್ಲದಿರಬಹುದು. ಮುಖ ನೋಡಿ ಯಾರಿಗಿದೆ, ಯಾರಿಗಿಲ್ಲ ಎಂದು ಹೇಳಲು ಆಗುವುದಿಲ್ಲ. ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಈ ಕಾಯಿಲೆ 1981ರಲ್ಲಿ ಮೊದಲು ಅಮೆರಿಕದಲ್ಲಿ ವೈದ್ಯರ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈನಲ್ಲಿ ಪತ್ತೆಯಾಯಿತು. ಆಗ ಔಷಧಿ ಇರಲಿಲ್ಲ. ಜನ ತುಂಬಾ ಹೆದರಿದರು. ಈಗ ಹಾಗಿಲ್ಲ. ಎ.ಆರ್.ಟಿ. ಎಂಬ ಔಷಧಿ ಇದೆ. 2004ರ ಏಪ್ರಿಲ್ 1ರಿಂದ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಿದೆ. ಮೊದಲು ಶುರುವಾದ 6 ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಈ ಔಷಧಿ ವೈರಸ್ಸನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಆದರೆ ಕಟ್ಟಿ ಹಾಕುತ್ತದೆ. ದಿನಾ ತಪ್ಪದೆ ನುಂಗಿದವರು ಎಲ್ಲರ ಹಾಗೆ ಬದುಕಿ ಬಾಳಬಹುದು.

ಹೇಗೆ ಹರಡುತ್ತದೆ? ಹೇಗೆ ಹರಡುವುದಿಲ್ಲ?

ಎಚ್.ಐ.ವಿ. ಹರಡುವ ದಾರಿ ನಾಲ್ಕು.

1. ನಿರೋಧ್ ಬಳಸದೆ, ಸೋಂಕು ಇರುವವರ ಜೊತೆ ಲೈಂಗಿಕ ಸಂಪರ್ಕ ಮಾಡಿದರೆ. ನಮ್ಮ ಕಡೆ ಹೆಚ್ಚಾಗಿ ಹರಡಿರುವುದು ಈ ದಾರಿಯಿಂದಲೇ.

2. ಸೋಂಕು ಇರುವ ರಕ್ತವನ್ನು ಮೈಗೆ ಏರಿಸಿದರೆ. ಆದ್ದರಿಂದಲೇ ಈಗ ರಕ್ತನಿಧಿಗಳಲ್ಲಿ ಎಲ್ಲ ರಕ್ತವನ್ನೂ ಪರೀಕ್ಷೆ ಮಾಡುತ್ತಾರೆ.

3. ಒಬ್ಬರಿಗೆ ಚುಚ್ಚಿದ ಸೂಜಿ, ಸಿರಿಂಜನ್ನು ಇನ್ನೊಬ್ಬರಿಗೆ ಚುಚ್ಚಿದರೆ.

4. ಸೋಂಕು ಇರುವ ತಾಯಿಯಿಂದ ಮಗುವಿಗೆ. ಬಸಿರಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ. ತಾಯಿ ಔಷಧಿ ತೆಗೆದುಕೊಂಡರೆ ಮಗುವನ್ನು ಉಳಿಸಿಕೊಳ್ಳಬಹುದು.

ಇನ್ನು ಹರಡದೆ ಇರುವ ದಾರಿಗಳು. ಕೈ ಕುಲುಕಿದರೆ ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಮುದ್ದೆ ಉಂಡರೆ ಹರಡುವುದಿಲ್ಲ. ಒಂದೇ ಬಸ್ಸಿನಲ್ಲಿ ಕೂತರೆ ಹರಡುವುದಿಲ್ಲ. ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಕೆಮ್ಮಿದರೆ, ಸೀನಿದರೆ ಹರಡುವುದಿಲ್ಲ. ತಲೆ ಮುಟ್ಟಿದರೆ, ಕೂದಲು ಕತ್ತರಿಸಿದರೆ, ಬಾಚಿದರೆ ಹರಡುವುದಿಲ್ಲ.

ಹಾಗಾದರೆ ಕ್ಷೌರದ ಅಂಗಡಿಯಲ್ಲಿ ಅಪಾಯ ಎಲ್ಲಿದೆ?

ಅಪಾಯ ಇರುವುದು ರಕ್ತದಲ್ಲಿ. ಗಡ್ಡ ಹೆರೆಯುವಾಗ ಮೊಡವೆ ಕೀಳುತ್ತದೆ. ಚರ್ಮ ತರಚುತ್ತದೆ. ಒಂದು ಹನಿ ರಕ್ತ ಬರುತ್ತದೆ. ಕೆಲವು ಸಲ ಕಣ್ಣಿಗೂ ಕಾಣದಷ್ಟು ಬರುತ್ತದೆ. ಆ ರಕ್ತ ಬ್ಲೇಡಿಗೆ ಅಂಟುತ್ತದೆ. ಅದೇ ಬ್ಲೇಡನ್ನು ಮುಂದಿನ ಗಿರಾಕಿಗೆ ಬಳಸಿದರೆ, ಅವರ ಚರ್ಮವೂ ತರಚಿದರೆ, ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರುತ್ತದೆ.

ಇದರಿಂದ ಎಚ್.ಐ.ವಿ. ಬರುವ ಸಂಭವ ಎಷ್ಟು? ಇದ್ದದ್ದು ಇದ್ದ ಹಾಗೆ ಹೇಳೋಣ. ತೀರಾ ಕಡಿಮೆ. ಆಸ್ಪತ್ರೆಯಲ್ಲಿ ಸೋಂಕು ಇರುವವರಿಗೆ ಚುಚ್ಚಿದ ಸೂಜಿ ತಪ್ಪಿ ನರ್ಸ್ ಕೈಗೆ ಚುಚ್ಚಿತು ಅನ್ನಿ. ಅಂಥ 1000 ಸಲದಲ್ಲಿ ಸುಮಾರು 3 ಸಲ ಮಾತ್ರ ಸೋಂಕು ತಗಲುತ್ತದೆ. ಸೂಜಿಯೊಳಗೆ ರಕ್ತ ತುಂಬಿಕೊಂಡಿರುತ್ತದೆ. ಬ್ಲೇಡಿನ ಮೇಲೆ ಅಷ್ಟು ರಕ್ತ ಇರುವುದಿಲ್ಲ. ಹೊರಗೆ ಬಂದ ರಕ್ತ ಒಣಗಿದ ಹಾಗೆಲ್ಲ ಈ ವೈರಸ್ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಕ್ಷೌರದ ಅಂಗಡಿಗೆ ಹೋಗಲು ಯಾರೂ ಹೆದರಬೇಕಾಗಿಲ್ಲ.

ಹಾಗಾದರೆ ಇಷ್ಟೆಲ್ಲ ಯಾಕೆ ಹೇಳ್ತೀರಿ ಎಂದು ನೀವು ಕೇಳಬಹುದು. ಎರಡು ಕಾರಣ ಇದೆ.

ಮೊದಲನೆಯದು, ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ತಡೆಯುವುದು ಇಷ್ಟು ಸುಲಭ ಇರುವಾಗ ಆ ಕಡಿಮೆಯನ್ನೂ ಯಾಕೆ ಉಳಿಸಬೇಕು?

ಎರಡನೆಯದು, ಎಚ್.ಐ.ವಿ.ಯ ಜೊತೆಗೆ ಇನ್ನೊಬ್ಬ ಕಳ್ಳ ಇದ್ದಾನೆ. ಅವನ ಹೆಸರು ಹೆಪಟೈಟಿಸ್ ಬಿ. ಇದೂ ರಕ್ತದಿಂದ ಹರಡುವ ವೈರಸ್. ಇದು ಈಲಿಯನ್ನು, ಅಂದರೆ ಪಿತ್ತಕೋಶದ ಪಕ್ಕದ ಯಕೃತ್ತನ್ನು ಕೆಡಿಸುತ್ತದೆ. ಕಣ್ಣು ಹಳದಿ ಆಗುವ ಕಾಮಾಲೆ ತರುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಕ್ಯಾನ್ಸರ್ ತರುತ್ತದೆ. ಅದೇ ನರ್ಸ್ ಕೈಗೆ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ, ಅವರು ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ, 100 ಸಲದಲ್ಲಿ 6ರಿಂದ 30 ಸಲ ಸೋಂಕು ತಗಲುತ್ತದೆ. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಸೋಮವಾರ ಬ್ಲೇಡಿಗೆ ಅಂಟಿದ್ದು ಭಾನುವಾರದ ಗಿರಾಕಿಯನ್ನು ಹಿಡಿಯಬಹುದು!

ಇಬ್ಬರು ಕಳ್ಳರಿಗೂ ಬೀಗ ಒಂದೇ. ಅದು ಹೊಸ ಬ್ಲೇಡು.

ಮಂಗಳವಾರದ ಪಾಠ

ನಮ್ಮ ಕಡೆ ಕ್ಷೌರದ ಅಂಗಡಿಗಳಿಗೆ ಮಂಗಳವಾರ ರಜ. ಕ್ಷೌರಿಕರಿಗೆ ಪಾಠ ಮಾಡಲು ಇದೇ ಒಳ್ಳೆಯ ದಿನ. ಭಾನುವಾರ ಕರೆದರೆ ಯಾರೂ ಬರುವುದಿಲ್ಲ. ಅವತ್ತು ಅವರಿಗೆ ದುಡಿಮೆಯ ದಿನ.

ಕರೆದು ಕೂರಿಸಿ ಬರೀ ಭಾಷಣ ಮಾಡಿದರೆ ಆಗುವುದಿಲ್ಲ. ಕೈಕೆಲಸ ಮಾಡುವವರಿಗೆ ಕೈಯಲ್ಲೇ ಮಾಡಿ ತೋರಿಸಬೇಕು. ಒಂದು ಪಾಠವನ್ನು ಹೀಗೆ ಮಾಡಬಹುದು.

ಸ್ವಲ್ಪ ಕುಂಕುಮ ತನ್ನಿ. ನೀರಲ್ಲಿ ಕಲಸಿ. ಇದನ್ನು ರಕ್ತ ಎಂದು ಭಾವಿಸೋಣ. ಬ್ಲೇಡು ತೆಗೆದ ಕ್ಷೌರದ ಕತ್ತಿಗೆ ಒಂದು ಹನಿ ಹಚ್ಚಿ. ಈಗ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ. ಮುಖಕ್ಕೆ ನೊರೆ ಹಚ್ಚಿ. ದಿನಾ ಮಾಡುವ ಹಾಗೆ ಬರೀ ಕತ್ತಿಯ ಹಿಡಿಯಿಂದ ಹೆರೆದಂತೆ ಮಾಡಿ. ಕತ್ತಿಯನ್ನು ಬೆರಳಿಗೆ ಒರೆಸಿ. ಬಟ್ಟೆಗೆ ಒರೆಸಿ. ಬಟ್ಟಲ ನೀರಲ್ಲಿ ಅದ್ದಿ. ಕೊನೆಗೆ ಪಟಿಕದ ಕಲ್ಲು ಉಜ್ಜಿ. ಟವಲಿನಿಂದ ಮುಖ ಒರೆಸಿ. ಆಮೇಲೆ ಇನ್ನೊಬ್ಬರನ್ನು ಕೂರಿಸಿ ಅದೇ ಕೆಲಸ ಮಾಡಿ.

ಈಗ ಎಲ್ಲರೂ ಹತ್ತಿರ ಬಂದು ನೋಡಿ. ಕುಂಕುಮ ಎಲ್ಲೆಲ್ಲಿದೆ? ಬೆರಳಲ್ಲಿದೆ. ಬಟ್ಟಲಲ್ಲಿದೆ. ಪಟಿಕದ ಮೇಲಿದೆ. ಬ್ರಷ್ಷಿನಲ್ಲಿದೆ. ಟವಲಲ್ಲಿದೆ. ಎರಡನೆಯವರ ಕೆನ್ನೆ ಮೇಲೂ ಇದೆ!

ಕುಂಕುಮ ಕೆಂಪಗಿದೆ, ಆದ್ದರಿಂದ ಕಾಣಿಸಿತು. ರೋಗಾಣು ಕಾಣಿಸುವುದಿಲ್ಲ. ಆದರೆ ಅದು ನಡೆಯುವ ದಾರಿ ಇದೇ.

ಏನು ಮಾಡಬೇಕು?

ಬ್ಲೇಡು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕಿ. ಅವರ ಕಣ್ಣೆದುರಿಗೇ ಕಾಗದ ಬಿಚ್ಚಿ. ಒಂದು ಬ್ಲೇಡನ್ನು ಕಾಗದದ ಸಮೇತ ಎರಡು ಭಾಗ ಮಾಡಿದರೆ ಇಬ್ಬರಿಗೆ ಆಗುತ್ತದೆ. ಆದರೆ ಒಂದು ಅರ್ಧ ಒಬ್ಬರಿಗೇ. ಅಪ್ಪನಿಗೆ ಬಳಸಿದ ಬ್ಲೇಡು ಮಗನಿಗೂ ಬೇಡ. ಹಳೆ ಕಾಲದ ಸಾಣೆ ಹಿಡಿಯುವ ಕತ್ತಿಯನ್ನು ಪೆಟ್ಟಿಗೆಯಲ್ಲಿಡಿ. ಬ್ಲೇಡು ಬದಲಿಸುವ ಹಿಡಿಯನ್ನು ಬಳಸಿ.

ಕತ್ತಿಯ ಹಿಡಿ, ಕತ್ತರಿ. ಮೊದಲು ಸೋಪು ನೀರಲ್ಲಿ ಬ್ರಷ್ ಹಾಕಿ ತೊಳೆಯಿರಿ. ಕೂದಲು, ಕೊಳೆ ಇದ್ದರೆ ಔಷಧಿ ಒಳಗೆ ಹೋಗುವುದಿಲ್ಲ. ಆಮೇಲೆ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ ಕುದಿಸಿ. ನೀರು ಕೊತ ಕೊತ ಕುದಿಯಲು ಶುರುವಾದ ಮೇಲೆ 20 ನಿಮಿಷ ಬಿಡಿ. ದಿನಾ ಅಂಗಡಿ ಮುಚ್ಚುವ ಮುಂಚೆ ಇದನ್ನು ಮಾಡಿ. ರಕ್ತ ತಗುಲಿದ ಸಾಮಾನನ್ನು ಕುದಿಸದೆ ಮತ್ತೆ ಮುಟ್ಟಬೇಡಿ. ಇನ್ನೊಂದು ಜೊತೆ ಸಾಮಾನು ಇದ್ದರೆ ಕೆಲಸ ನಿಲ್ಲುವುದಿಲ್ಲ.

ಬ್ಲೀಚಿಂಗ್ ಪುಡಿ. ಕುದಿಸಲು ಆಗದ ಪ್ಲಾಸ್ಟಿಕ್ ಸಾಮಾನಿಗೆ ಇದು ಒಳ್ಳೆಯದು. ಒಂದು ಲೀಟರ್ ನೀರಿಗೆ 15 ಗ್ರಾಂ ಪುಡಿ ಹಾಕಿ. ಅಂದರೆ ಸುಮಾರು 3 ಟೀ ಚಮಚ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲಸಿ. ತೊಳೆದ ಸಾಮಾನನ್ನು ಅದರಲ್ಲಿ 30 ನಿಮಿಷ ಮುಳುಗಿಸಿ. ಆಮೇಲೆ ಒಳ್ಳೆ ನೀರಲ್ಲಿ ತೊಳೆದು ಒರೆಸಿ. ಈ ನೀರನ್ನು ದಿನಾ ಹೊಸದಾಗಿ ಮಾಡಬೇಕು. ನಿನ್ನೆಯ ನೀರಿಗೆ ಶಕ್ತಿ ಇರುವುದಿಲ್ಲ. ಕಬ್ಬಿಣದ ಸಾಮಾನು ಇದರಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೆ ಕುದಿಸುವುದೇ ಮೇಲು. ಬ್ಲೀಚಿಂಗ್ ನೀರಿಗೆ ಆಸಿಡ್ ಬೆರೆಸಬೇಡಿ. ಕೆಟ್ಟ ಹೊಗೆ ಬರುತ್ತದೆ.

ವಾಸನೆಯ ಔಷಧಿ ಹಾಕಿದ ನೀರಲ್ಲಿ ಒಂದು ಸಲ ಅದ್ದಿ ತೆಗೆದರೆ ಸಾಕು ಎಂದು ಕೆಲವರು ತಿಳಿದಿದ್ದಾರೆ. ಅದು ಸಾಲದು. ವಾಸನೆ ಬಂದರೆ ರೋಗಾಣು ಸತ್ತಿತು ಎಂದಲ್ಲ.

ಮಿಷನ್. ವಿದ್ಯುತ್ ಮಿಷನ್, ಟ್ರಿಮ್ಮರ್ ಇವನ್ನು ನೀರಲ್ಲಿ ಹಾಕಲು ಆಗುವುದಿಲ್ಲ. ಪ್ರತಿ ಸಲವೂ ಬ್ರಷ್ಷಿನಿಂದ ಕೂದಲು ತೆಗೆಯಿರಿ. ಹಲ್ಲಿನ ಭಾಗವನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ. ಸ್ಪಿರಿಟ್ ತಾನಾಗಿಯೇ ಆರಲಿ.

ಪಟಿಕ. ಗಾಯ ಆದಾಗ ಪಟಿಕದ ಕಲ್ಲು ಉಜ್ಜುವುದು ನಮ್ಮ ರೂಢಿ. ಪಟಿಕ ರಕ್ತವನ್ನು ನಿಲ್ಲಿಸುತ್ತದೆ, ನಿಜ. ಆದರೆ ವೈರಸ್ಸನ್ನು ಕೊಲ್ಲುತ್ತದೆ ಎಂದು ನಂಬಬಾರದು. ಹತ್ತು ಜನರ ಗಾಯಕ್ಕೆ ಉಜ್ಜಿದ ಕಲ್ಲು ಹತ್ತು ಜನರ ರಕ್ತ ಕಂಡಿರುತ್ತದೆ. ಬದಲಿಗೆ ಪಟಿಕವನ್ನು ಪುಡಿ ಮಾಡಿಡಿ. ಚೂರು ಹತ್ತಿಯಿಂದ ಹಚ್ಚಿ. ಆ ಹತ್ತಿಯನ್ನು ಬಿಸಾಡಿ.

ಟವಲು. ಒಬ್ಬರಿಗೆ ಒಂದು ಒಗೆದ ಟವಲು. ರಕ್ತ ತಗುಲಿದ ಟವಲನ್ನು ಬೇರೆ ಇಡಿ. ಬ್ಲೀಚಿಂಗ್ ನೀರಲ್ಲಿ ನೆನೆಸಿ ಒಗೆಯಿರಿ. ಬಿಸಿಲಲ್ಲಿ ಒಣಗಿಸಿ.

ನಿಮ್ಮ ಕೈ. ಪ್ರತಿ ಗಿರಾಕಿ ಆದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕತ್ತಿಯ ನೊರೆಯನ್ನು ಬರಿ ಬೆರಳಿಗೆ ಒರೆಸಬೇಡಿ. ಕಾಗದಕ್ಕೆ ಒರೆಸಿ. ಕೈಯಲ್ಲಿ ಗಾಯ ಇದ್ದರೆ ಪಟ್ಟಿ ಹಾಕಿಕೊಂಡೇ ಕೆಲಸ ಮಾಡಿ. ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ನಿಮಗೇ ಗಾಯವಾದರೆ?

ಗಿರಾಕಿಗಿಂತ ಹೆಚ್ಚು ಬ್ಲೇಡು ಮುಟ್ಟುವವರು ನೀವು. ಗಿರಾಕಿ ತಿಂಗಳಿಗೆ ಒಂದೆರಡು ಸಲ ಬರುತ್ತಾರೆ. ನೀವು ದಿನವಿಡೀ ಬ್ಲೇಡಿನ ಜೊತೆ ಇರುತ್ತೀರಿ. ಆದ್ದರಿಂದ ಈ ಎಚ್ಚರಿಕೆ ಮೊದಲು ನಿಮಗಾಗಿಯೇ.

ಬೇರೆಯವರ ರಕ್ತ ಇರುವ ಬ್ಲೇಡು ಕೈಗೆ ತಗುಲಿದರೆ ಗಾಬರಿ ಬೇಡ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಬೆರಳನ್ನು ಬಾಯಿಗೆ ಹಾಕಬೇಡಿ. ಹಿಂಡಬೇಡಿ. ಬೇಗ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಿ. ಬೇಕು ಅನಿಸಿದರೆ ವೈದ್ಯರು ಎಚ್.ಐ.ವಿ. ತಡೆಯುವ ಮಾತ್ರೆ ಕೊಡುತ್ತಾರೆ. ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ನುಂಗಬೇಕು.

ಹೆಪಟೈಟಿಸ್ ಬಿ.ಗೆ ಲಸಿಕೆ ಇದೆ. ಮೂರು ಸಲ ಹಾಕಿಸಬೇಕು. ಇವತ್ತು ಒಂದು. ಒಂದು ತಿಂಗಳಿಗೆ ಎರಡನೆಯದು. ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಕ್ಷೌರದ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಎಚ್.ಐ.ವಿ.ಗೆ ಇನ್ನೂ ಲಸಿಕೆ ಇಲ್ಲ.

ಹಳೆ ಬ್ಲೇಡು ಎಲ್ಲಿಗೆ ಹೋಗಬೇಕು?

ಬಳಸಿದ ಬ್ಲೇಡನ್ನು ಬೀದಿಗೆ ಎಸೆಯಬೇಡಿ. ಚರಂಡಿಗೆ ಹಾಕಬೇಡಿ. ಕಸದ ಜೊತೆ ಸೇರಿಸಬೇಡಿ. ಬೆಳಿಗ್ಗೆ ಎದ್ದು ಆ ಕಸವನ್ನು ಬರಿಗೈಲಿ ಮುಟ್ಟುವ ಪೌರಕಾರ್ಮಿಕರೂ ನಮ್ಮವರೇ. ಚಿಂದಿ ಆಯುವ ಮಕ್ಕಳೂ ನಮ್ಮ ಮಕ್ಕಳೇ. ಬೀದಿಯಲ್ಲಿ ಮೇಯುವ ಹಸುವಿಗೂ ನಾಲಿಗೆ ಇದೆ.

ಒಂದು ಗಟ್ಟಿ ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ಹೋಗುವಷ್ಟು ಸೀಳು ಮಾಡಿ. ಹುಂಡಿ ಇದ್ದ ಹಾಗೆ. ಬಳಸಿದ ಬ್ಲೇಡು ನೇರ ಅದರೊಳಗೆ ಹೋಗಲಿ. ಡಬ್ಬಿ ಮುಕ್ಕಾಲು ತುಂಬಿದಾಗ ಸೀಳಿಗೆ ಪಟ್ಟಿ ಅಂಟಿಸಿ. ಕಸದ ಗಾಡಿಯವರಿಗೆ "ಇದರಲ್ಲಿ ಬ್ಲೇಡು ಇದೆ" ಎಂದು ಹೇಳಿ ಬೇರೆಯಾಗಿ ಕೊಡಿ.

ಖರ್ಚು ಯಾರು ಕೊಡ್ತಾರೆ?

ಇದು ನ್ಯಾಯವಾದ ಪ್ರಶ್ನೆ. ಕ್ಷೌರಿಕರಲ್ಲಿ ಬಡವರೇ ಹೆಚ್ಚು. ಅಂಗಡಿ ಬಾಡಿಗೆ ಕೊಡಬೇಕು. ಕರೆಂಟ್ ಬಿಲ್ ಕಟ್ಟಬೇಕು. ಮಕ್ಕಳ ಫೀಸು ಕಟ್ಟಬೇಕು.

ಲೆಕ್ಕ ಹಾಕೋಣ. ಒಂದು ಪ್ಯಾಕಿನಲ್ಲಿ 10 ಬ್ಲೇಡು ಇದ್ದರೆ, ಎರಡೆರಡು ಭಾಗ ಮಾಡಿದಾಗ 20 ಆಯಿತು. ಅಂದರೆ 20 ಜನರ ಶೇವಿಂಗ್. ಆ ಪ್ಯಾಕಿನ ಬೆಲೆಯನ್ನು 20ರಿಂದ ಭಾಗಿಸಿ. ಒಬ್ಬರ ಪಾಲಿಗೆ ಎಷ್ಟು ಬಂತು? ಒಂದು ಟೀಗೆ ಕೊಡುವಷ್ಟೂ ಬರುವುದಿಲ್ಲ. ಇದನ್ನು ಗಿರಾಕಿಗೆ ಬಿಡಿಸಿ ಹೇಳಬಹುದು.

"ಏನಪ್ಪಾ, ರೇಟು ಜಾಸ್ತಿ ಮಾಡಿಬಿಟ್ಟೆಯಲ್ಲ?"

"ಹೊಸ ಬ್ಲೇಡು ಹಾಕ್ತೀನಿ ಯಜಮಾನ್ರೇ. ನಿಮ್ಮೆದುರಿಗೇ ಬಿಚ್ತೀನಿ, ನೋಡಿ. ನಿಮ್ಮ ಕೆನ್ನೆ ಮುಟ್ಟಿದ್ದು ಇನ್ನೊಬ್ಬರ ಕೆನ್ನೆ ಮುಟ್ಟಲ್ಲ. ಇನ್ನೊಬ್ಬರದ್ದು ನಿಮಗೂ ಮುಟ್ಟಲ್ಲ."

"ಹಂಗೋ! ಹಂಗಾದ್ರೆ ಸರಿ, ಹಾಕಪ್ಪ."

ಇಷ್ಟು ಹೇಳಿದರೆ ಒಪ್ಪದವರು ಕಡಿಮೆ. ಊರಿನ ಎಲ್ಲ ಅಂಗಡಿಯವರೂ ಸೇರಿ ಒಂದೇ ತೀರ್ಮಾನ ಮಾಡಿದರೆ ಇನ್ನೂ ಸುಲಭ. ಬ್ಲೇಡನ್ನು ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ.

ಹಳ್ಳಿಯಲ್ಲಿ, ಜಾತ್ರೆಯಲ್ಲಿ, ಪಾರ್ಲರಿನಲ್ಲಿ

ಹಳ್ಳಿಗಳಲ್ಲಿ ಹಿಂದೆ ಕ್ಷೌರಿಕರು ಹಡಪ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಸುಗ್ಗಿಯಲ್ಲಿ ಆಯ ಎಂದು ರಾಗಿ ಪಡೆಯುತ್ತಿದ್ದರು. ಈಗಲೂ ಕೆಲವರು ಜಗಲಿ ಮೇಲೆ, ಮರದ ಕೆಳಗೆ ಕೆಲಸ ಮಾಡುತ್ತಾರೆ. ಅವರಿಗೂ ಇದೇ ನಿಯಮ. ಹಡಪದಲ್ಲಿ ಬ್ಲೇಡಿನ ಪ್ಯಾಕು ಇರಲಿ. ಹಳೆ ಬ್ಲೇಡಿಗೆ ಒಂದು ಡಬ್ಬಿ ಇರಲಿ. ಬ್ಲೇಡು ಕೊಳ್ಳಲು ಆಗದಿದ್ದರೆ ಮನೆಯವರೇ ಒಂದು ಬ್ಲೇಡು ತಂದು ಕೊಡಲಿ.

ದೇವರಿಗೆ ಮುಡಿ ಕೊಡುವಾಗ ಇನ್ನೂ ಎಚ್ಚರ ಬೇಕು. ನಮ್ಮ ಕಡೆಯವರು ಮುಡಿ ಕೊಡಲು ತಿರುಪತಿಗೆ ಹೋಗುತ್ತಾರೆ. ನಂಜನಗೂಡಿಗೆ ಹೋಗುತ್ತಾರೆ. ಮನೆದೇವರ ಜಾತ್ರೆಗೆ ಹೋಗುತ್ತಾರೆ. ಜನ ಸಾಲುಗಟ್ಟಿರುತ್ತಾರೆ. ಅವಸರ ಇರುತ್ತದೆ. ಮಕ್ಕಳು ಅಳುತ್ತಾ ತಲೆ ಅಲ್ಲಾಡಿಸುತ್ತವೆ. ಗಾಯ ಬೇಗ ಆಗುತ್ತದೆ. ಅಲ್ಲಿಯೂ ಹೊಸ ಬ್ಲೇಡು ಕೇಳಿ. ಕೇಳಿದರೆ ದೇವರು ಕೋಪ ಮಾಡಿಕೊಳ್ಳುವುದಿಲ್ಲ.

ಕಿವಿ ಚುಚ್ಚುವ ಸೂಜಿ, ಹಚ್ಚೆ ಹಾಕುವ ಸೂಜಿ ಇವಕ್ಕೂ ಇದೇ ಮಾತು. ಒಬ್ಬರಿಗೆ ಒಂದು ಸೂಜಿ. ಹಚ್ಚೆಯ ಶಾಯಿಯನ್ನೂ ಒಬ್ಬೊಬ್ಬರಿಗೆ ಬೇರೆ ಬೇರೆ ಬಟ್ಟಲಲ್ಲಿ ಹಾಕಬೇಕು.

ಪಾರ್ಲರಿನ ಅಕ್ಕಂದಿರು ಹುಬ್ಬಿಗೆ ಬ್ಲೇಡು ಬಳಸಿದರೆ ಹೊಸದೇ ಬಳಸಲಿ. ಉಗುರು ಕತ್ತರಿಸುವ ಸಾಮಾನು, ಹಿಮ್ಮಡಿ ಉಜ್ಜುವ ಸಾಮಾನು, ಮೊಡವೆ ಒತ್ತುವ ಕಡ್ಡಿ ಇವನ್ನು ಪ್ರತಿ ಸಲವೂ ತೊಳೆದು ಕುದಿಸಲಿ. ಅಲ್ಲಿಯೂ ರಕ್ತ ಬರುತ್ತದೆ.

ಬಂದವರನ್ನು ವಾಪಸ್ ಕಳಿಸಬೇಡಿ

ಈಗ ಒಂದು ಕಷ್ಟದ ಪ್ರಶ್ನೆ. "ಆ ಮನುಷ್ಯನಿಗೆ ಏಡ್ಸ್ ಇದೆಯಂತೆ. ಅವನು ಬಂದರೆ ನಾನು ಏನು ಮಾಡಲಿ? ಅವನನ್ನು ಕೂರಿಸಿದರೆ ಬೇರೆ ಗಿರಾಕಿ ಬರಲ್ಲ" ಎಂದು ಕೆಲವರು ಹೇಳುತ್ತಾರೆ.

ಸ್ವಲ್ಪ ಯೋಚನೆ ಮಾಡೋಣ. ಊರಲ್ಲಿ ಸುದ್ದಿ ಆದವರು ಒಬ್ಬರು. ಸುದ್ದಿ ಆಗದವರು ಎಷ್ಟು ಜನ? ತನಗೆ ಇದೆ ಎಂದು ತನಗೇ ಗೊತ್ತಿಲ್ಲದವರು ಎಷ್ಟು ಜನ? ಗೊತ್ತಿರುವ ಒಬ್ಬರನ್ನು ಓಡಿಸಿ, ಉಳಿದವರಿಗೆಲ್ಲ ಹಳೆ ಬ್ಲೇಡು ಹಾಕಿದರೆ ಯಾರಿಗೆ ರಕ್ಷಣೆ ಸಿಕ್ಕಿತು? ಯಾರಿಗೂ ಇಲ್ಲ. ಒಬ್ಬರ ಮನಸ್ಸು ಮಾತ್ರ ಮುರಿಯಿತು.

ಎಲ್ಲರಿಗೂ ಹೊಸ ಬ್ಲೇಡು ಹಾಕುವ ಅಂಗಡಿಯಲ್ಲಿ ಯಾರು ಕೂತರೂ ಭಯವಿಲ್ಲ. ಅಪಾಯ ಬ್ಲೇಡಿನಲ್ಲಿದೆ, ಮನುಷ್ಯನಲ್ಲಿಲ್ಲ. ಯಾರಿಗೆ ಕಾಯಿಲೆ ಇದೆ ಎಂದು ಹುಡುಕುವುದು ನಮ್ಮ ಕೆಲಸವಲ್ಲ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವುದು ನಮ್ಮ ಕೆಲಸ.

ಕಾನೂನೂ ಇದನ್ನೇ ಹೇಳುತ್ತದೆ. ಎಚ್.ಐ.ವಿ. ಇರುವವರ ರಕ್ಷಣೆಗೆ 2017ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದೆ. ಎಚ್.ಐ.ವಿ. ಇದೆ ಎಂದು ಯಾರಿಗೂ ಕೆಲಸ ನಿರಾಕರಿಸುವಂತಿಲ್ಲ. ಶಾಲೆ, ಆಸ್ಪತ್ರೆ, ಹೋಟೆಲು, ಅಂಗಡಿ ಎಲ್ಲಿಯೂ ಬೇಡ ಎನ್ನುವಂತಿಲ್ಲ. ಜಾತಿ ನೋಡಿ ವಾಪಸ್ ಕಳಿಸುವುದು ಹೇಗೆ ತಪ್ಪೋ, ಕಾಯಿಲೆ ನೋಡಿ ವಾಪಸ್ ಕಳಿಸುವುದೂ ಹಾಗೆಯೇ ತಪ್ಪು.

ಇನ್ನೊಂದು ಮಾತು. ಅಂಗಡಿಯಲ್ಲಿ ಕೂತವರು ಮನಸ್ಸು ಬಿಚ್ಚಿ ಏನೇನೋ ಹೇಳಿಕೊಳ್ಳುತ್ತಾರೆ. ತಮ್ಮ ಕಾಯಿಲೆಯನ್ನೂ ಹೇಳಿಕೊಳ್ಳಬಹುದು. ಅದು ನಿಮ್ಮಲ್ಲೇ ಉಳಿಯಲಿ. ಒಂದು ಬಾಯಿಂದ ಹೊರಟ ಮಾತು ಒಂದು ಸಂಸಾರವನ್ನೇ ಊರು ಬಿಡಿಸಬಹುದು.

ಅಂಗಡಿಯೇ ಪಾಠಶಾಲೆ

ಕ್ಷೌರದ ಅಂಗಡಿಯಲ್ಲಿ ಪೇಪರ್ ಇರುತ್ತದೆ. ಟಿ.ವಿ. ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮಾತು ಇರುತ್ತದೆ. ಮಳೆ, ಕೊಬ್ಬರಿ ರೇಟು, ಎಲೆಕ್ಷನ್ ಎಲ್ಲವೂ ಅಲ್ಲಿ ಬರುತ್ತವೆ. ಡಾಕ್ಟರ ಹತ್ತಿರ ಹೇಳಲು ನಾಚುವವರು ಅಲ್ಲಿ ಮಾತಾಡುತ್ತಾರೆ.

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ವೈದ್ಯರು ಇದನ್ನು ಬಳಸಿಕೊಂಡರು. ಆಫ್ರಿಕನ್ ಮೂಲದ ಗಂಡಸರು ಹೋಗುವ 52 ಕ್ಷೌರದ ಅಂಗಡಿಗಳನ್ನು ಆರಿಸಿದರು. ಕೆಲವು ಅಂಗಡಿಗಳಿಗೆ ಔಷಧಿ ತಜ್ಞರೇ ಬಂದು ಬಿ.ಪಿ. ನೋಡಿ ಮಾತ್ರೆ ಕೊಟ್ಟರು. ಕ್ಷೌರಿಕರು ಗಿರಾಕಿಗಳಿಗೆ ಧೈರ್ಯ ಹೇಳಿದರು. ಆರು ತಿಂಗಳಲ್ಲಿ ಆ ಅಂಗಡಿಗಳ 100 ಗಿರಾಕಿಗಳಲ್ಲಿ ಸುಮಾರು 64 ಜನರ ಬಿ.ಪಿ. ಹದಕ್ಕೆ ಬಂತು. ಬರೀ ಬುದ್ಧಿಮಾತು ಹೇಳಿದ ಅಂಗಡಿಗಳಲ್ಲಿ 100ಕ್ಕೆ 12 ಜನರದು ಮಾತ್ರ ಹದಕ್ಕೆ ಬಂತು. ಇದು 2018ರಲ್ಲಿ ಪ್ರಕಟವಾಯಿತು. ಕ್ಷೌರಿಕರ ಮಾತಿಗೆ ಎಷ್ಟು ಬೆಲೆ ಇದೆ ನೋಡಿ!

ನಮ್ಮ ಊರು ಹೆದ್ದಾರಿಯ ಊರು. ತುಮಕೂರಿನ ಮೇಲೆ ಬೆಂಗಳೂರು–ಪುಣೆ ರಸ್ತೆ ಹೋಗುತ್ತದೆ. ಕುಣಿಗಲ್ ಮೇಲೆ ಬೆಂಗಳೂರು–ಮಂಗಳೂರು ರಸ್ತೆ ಹೋಗುತ್ತದೆ. ಗುಬ್ಬಿಯ ಮೇಲೆ ಶಿವಮೊಗ್ಗದ ರಸ್ತೆ ಹೋಗುತ್ತದೆ. ಮನೆ ಬಿಟ್ಟು ವಾರಗಟ್ಟಲೆ ತಿರುಗುವ ಡ್ರೈವರ್, ಕ್ಲೀನರ್ ಹುಡುಗರು ಗಡ್ಡ ತೆಗೆಸಲು ಇಲ್ಲಿ ಇಳಿಯುತ್ತಾರೆ. ಅವರಿಗೆ ನೀವು ನಾಲ್ಕು ಮಾತು ಹೇಳಬಹುದು. ಎಚ್.ಐ.ವಿ. ಹೆಚ್ಚಾಗಿ ಹರಡುವುದು ಲೈಂಗಿಕ ಸಂಪರ್ಕದಿಂದ. ನಿರೋಧ್ ಬಳಸಿದರೆ ತಡೆಯಬಹುದು. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಬಹುದು.

ಪರೀಕ್ಷೆಗೆ ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಐ.ಸಿ.ಟಿ.ಸಿ. ಎಂಬ ಕೊಠಡಿಯನ್ನು ಕೇಳಿ. ಅಲ್ಲಿ ಆಪ್ತ ಸಲಹೆಗಾರರು ಇರುತ್ತಾರೆ. ಗುಟ್ಟು ಕಾಪಾಡುತ್ತಾರೆ. ಸೋಂಕು ಇದೆ ಎಂದು ತಿಳಿದರೆ ಎ.ಆರ್.ಟಿ. ಕೇಂದ್ರಕ್ಕೆ ಕಳಿಸುತ್ತಾರೆ. ಮನೆಯಿಂದಲೇ ಕೇಳಬೇಕು ಎಂದರೆ 1097ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ. ಈ ನಂಬರನ್ನು ಕನ್ನಡಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಈಗ ನಿಮಗೆ ಅಕ್ಷರ ಬರುತ್ತದೆಯಲ್ಲ!

ಗಿರಾಕಿಗಳ ಕೆಲಸ ಏನು?

ಎಲ್ಲ ಭಾರವನ್ನೂ ಕ್ಷೌರಿಕರ ಮೇಲೆ ಹಾಕುವುದು ಸರಿಯಲ್ಲ. ನಾವೂ ಮೂರು ಕೆಲಸ ಮಾಡೋಣ.

ಕೂತ ಕೂಡಲೇ "ಹೊಸ ಬ್ಲೇಡು ಹಾಕಣ್ಣ" ಎಂದು ಕೇಳೋಣ. ಜೋರು ಮಾಡಿ ಕೇಳುವುದು ಬೇಡ. ಸಮಾಧಾನವಾಗಿ ಕೇಳೋಣ.

ಬ್ಲೇಡಿನ ಖರ್ಚನ್ನು ಸಂತೋಷದಿಂದ ಕೊಡೋಣ.

ಕ್ಷೌರಿಕರಿಗೆ ಮರ್ಯಾದೆ ಕೊಡೋಣ. ಹಳೆ ಜಾತಿ ಹೆಸರು ಹಿಡಿದು ಬೈಯುವ ಮಾತು ಆಡದಿರೋಣ. ನಮ್ಮ ಆರೋಗ್ಯ ಕಾಯುವವರಲ್ಲಿ ಡಾಕ್ಟರು, ನರ್ಸು, ಆಶಾ ಅಕ್ಕನ ಜೊತೆ ಅವರೂ ಒಬ್ಬರು.

ನೆನಪಿಡಿ

ಒಬ್ಬರಿಗೆ ಒಂದು ಬ್ಲೇಡು.
ಸಾಮಾನು ತೊಳೆದು 20 ನಿಮಿಷ ಕುದಿಸಿ.
ಹಳೆ ಬ್ಲೇಡು ಡಬ್ಬಿಗೆ.
ಕಾಮಾಲೆಯ ಲಸಿಕೆ ಮೂರು ಸಲ.
ಯಾರನ್ನೂ ವಾಪಸ್ ಕಳಿಸಬೇಡಿ.
ಸಂಶಯ ಇದ್ದರೆ 1097.

ಹೇಳಿ ನೋಡೋಣ

1. ಎಚ್.ಐ.ವಿ. ಹರಡುವ ನಾಲ್ಕು ದಾರಿ ಯಾವುವು?
2. ಹೆಪಟೈಟಿಸ್ ಬಿ ಒಣಗಿದ ರಕ್ತದಲ್ಲಿ ಎಷ್ಟು ದಿನ ಬದುಕಿರುತ್ತದೆ?
3. ಪಟಿಕದ ಕಲ್ಲನ್ನು ಎಲ್ಲರಿಗೂ ಯಾಕೆ ಉಜ್ಜಬಾರದು?
4. ಎಚ್.ಐ.ವಿ. ಇರುವ ಗಿರಾಕಿ ಬಂದರೆ ನೀವು ಏನು ಮಾಡುತ್ತೀರಿ? ಯಾಕೆ?
5. ನೀವು ಹೋಗುವ ಅಂಗಡಿಯಲ್ಲಿ ಹಳೆ ಬ್ಲೇಡನ್ನು ಎಲ್ಲಿ ಹಾಕುತ್ತಾರೆ? ಮುಂದಿನ ಸಲ ಹೋದಾಗ ನೋಡಿ ಬಂದು ಹೇಳಿ.